ಸತುವಿನ ಟಾಕಿಯಲ್ಲಿ ಕೋಕಂ ಪಾನಕ

ಮೂವತ್ತು ವರ್ಷ ಅಂಕೋಲೆಯ ಪೇಟೆಯಲ್ಲಿ ಗೇರುಬೀಜ, ಮಾವಿನಹಣ್ಣು ಎಂದು ವ್ಯಾಪಾರ ಮಾಡಿದವನಿಗೆ ಒಂದು ಕೆಟ್ಟ ಚಾಳಿ ಅಂಟಿಕೊಂಡಿರುತ್ತದೆ. ಯಾರನ್ನು ಕಂಡರೂ ಮೊದಲು ತೂಗುತ್ತಾನೆ, ಆಮೇಲೆ ನಮಸ್ಕಾರ ಮಾಡುತ್ತಾನೆ! ಮಗ ಸಂದೇಶನಿಗೆ ಹೆಣ್ಣು ನೋಡಲು ಕಾರವಾರದ ಹಬ್ಬುವಾಡಕ್ಕೆ ಹೋದ ದಿನ ನಾನು ಹೆಣ್ಣಿನ ತಂದೆ ಜಟ್ಟಪ್ಪನವರನ್ನು ಬಾಗಿಲಲ್ಲೇ ತೂಗಿಬಿಟ್ಟೆ. ಪ್ರಾಯ ಐವತ್ತಾರು. ಹೊರಮೈ ಫಳಫಳ. ಒಟ್ಟು ತೂಕ ಎಂಬತ್ತೈದು ಕಿಲೋ. ಅದರಲ್ಲಿ ಮಾತಿನ ತೇವಾಂಶ ಕಳೆದರೆ ನಿವ್ವಳ ಅರವತ್ತು. ಬಿಸಿಲಿಗೆ ಹಾಕಿ ಒಣಗಿಸಿದರೆ ಇನ್ನೂ ಐದು ಇಳಿದೀತು. ಮಾಲು ಸುಮಾರು, ಪ್ಯಾಕಿಂಗು ಭರ್ಜರಿ ಎಂದು ಮನಸ್ಸಿನಲ್ಲೇ ಗುರುತು ಹಾಕಿಕೊಂಡೆ.

ಜಟ್ಟಪ್ಪನವರದು ಕಾರವಾರದ ಪೇಟೆಯಲ್ಲಿ ತಗಡಿನ ಅಂಗಡಿ. ಮಾಡಿಗೆ ಹೊದಿಸುವ ಜಿಂಕ್ ಶೀಟು, ನೀರಿನ ಪೈಪು, ಬೇಲಿಯ ತಂತಿ, ಬಕೆಟ್ಟು. ಸತುವಿನ ಲೇಪ ಇದ್ದದ್ದೆಲ್ಲ ಅಲ್ಲಿತ್ತು, ಇಲ್ಲದ್ದು ಯಾವುದೂ ಇರಲಿಲ್ಲ. ಹೆಣ್ಣು ನೋಡಲು ಹೋದ ನಮಗೆ ಅವರು ಮುಕ್ಕಾಲು ಗಂಟೆ ಸತುವನ್ನೇ ತೋರಿಸಿದರು! "ಬೀಗರೇ, ನಮ್ಮ ಕಾರವಾರದ ಉಪ್ಪುಗಾಳಿಗೆ ಬರೀ ಕಬ್ಬಿಣ ಎರಡು ಮಳೆಗಾಲ ತಡಿಯುದಿಲ್ಲ. ಅದರ ಮೈಗೆ ಸತು ಹಚ್ಚಿ ನೋಡಿ, ಇಪ್ಪತ್ತು ವರ್ಷ! ಬೈತಖೋಲದ ಬಂದರಲ್ಲಿ ಟ್ರಾಲರಿನ ಅಡಿಗೆ ಸತುವಿನ ಗಟ್ಟಿ ಕಟ್ತಾರೆ. ಉಪ್ಪುನೀರು ಬಂದು ಆ ಗಟ್ಟಿಯನ್ನ ತಿಂತದೆ, ದೋಣಿಯ ಫ್ಯಾನು ಉಳೀತದೆ. ಟಾರ್ಚಿನ ಸೆಲ್ಲಿನ ಡಬ್ಬಿ ಎಂಥದು? ಸತು! ಹಿತ್ತಾಳೆಯ ಒಳಗೆ ಎಂಥದು? ಅರ್ಧ ತಾಮ್ರ, ಉಳಿದದ್ದು ಸತು! ಮಗುವಿನ ಕುಂಡೆ ಕೆಂಪಾದ್ರೆ ಹಚ್ಚುವ ಬಿಳಿ ಮುಲಾಮು ಎಂಥದು?" ಒಳಕೋಣೆಯಿಂದ ಮಗಳು ದೀಕ್ಷಾ, "ಅಪ್ಪಾ, ಇದು ಅಂಗಡಿ ಅಲ್ಲ!" ಎಂದು ಕೂಗಿದಳು. ಆ ಒಂದು ಮಾತಿಗೇ ಸಂದೇಶ ಹುಡುಗಿಯನ್ನು ಒಪ್ಪಿಬಿಟ್ಟ, ಮುಖ ನೋಡುವ ಮೊದಲೇ.

ನಿಶ್ಚಯಕ್ಕೆ ಮೇ ತಿಂಗಳ ಒಂದು ಭಾನುವಾರ ಗೊತ್ತಾಯಿತು. 2003ನೇ ಇಸವಿ. ಹೊರಡುವಾಗ ನಾನು ಒಂದು ಮಾತು ಆಡಿದೆ. ಎಲ್ಲಾ ಅನಾಹುತಕ್ಕೂ ಅದೇ ಬೀಜ. "ಬೀಗರೇ, ನಮ್ಮ ಮನೆಯದೊಂದು ಪದ್ಧತಿ ಉಂಟು. ನಿಶ್ಚಯದ ದಿನ ನಮ್ಮ ಕಡೆಯ ಎಲ್ಲರಿಗಿಂತ ಹಿರಿಯರು ಪಾನಕದ ಮೊದಲ ಗುಟುಕು ಕುಡೀಬೇಕು, ಆಮೇಲೆ ಉಳಿದವರು. ಊಟ ಹೆಚ್ಚುಕಮ್ಮಿಯಾದ್ರೆ ಅಡ್ಡಿಲ್ಲ, ಪಾನಕ ಧಾರಾಳ ಇರಲಿ. ಎಂಬತ್ತಾರು ಜನ ಬರ್ತೇವೆ. ಸಾಲುದಿಲ್ಲ ಅಂದ್ರೆ ಹೇಳಿ, ನಾವೇ ತರ್ತೇವೆ."

ಇಲ್ಲಿಂದ ನಿಶ್ಚಯದ ದಿನ ನಮ್ಮ ಬಸ್ಸು ಬರುವವರೆಗಿನದು ನಾನು ಕಂಡದ್ದಲ್ಲ. ಜಟ್ಟಪ್ಪನವರೇ ಆಮೇಲೆ ಮೂರು ಬೈಠಕ್ಕಿನಲ್ಲಿ, ನಗುತ್ತ ಕಣ್ಣೊರೆಸಿಕೊಳ್ಳುತ್ತ ನನಗೆ ಹೇಳಿದ್ದು. ನೂರಕ್ಕೆ ಇಪ್ಪತ್ತು ಕಳೆದು ಬರೆದಿದ್ದೇನೆ.

ನಮ್ಮ ಗಾಡಿ ತಿರುವು ದಾಟಿದ್ದೇ ತಡ, ಜಟ್ಟಪ್ಪನವರು ಜಗಲಿಯಲ್ಲಿ ಗುಡುಗಿದರು.

"ನಾವೇ ತರ್ತೇವೆ ಅಂತೆ! ಕೇಳಿದ್ಯಾ ಹೀರಾ? ಜಟ್ಟಪ್ಪನ ಮನೆಗೆ ಅಂಕೋಲೆಯಿಂದ ಪಾನಕ ಬರ್ತದಂತೆ!"

"ಅವ್ರು ತಮಾಷೆ ಮಾಡಿದ್ದು," ಎಂದರು ಹೆಂಡತಿ ಹೀರಾ.

"ತಮಾಷೆ ನಾ ಮಾಡ್ತೆ ಈಗ! ಬರೆದಿಟ್ಕೋ. ಆ ದಿನ ಅಂಕೋಲೆಯ ಒಬ್ಬನೇ ಒಬ್ಬ ಮನುಷ್ಯನೂ ನಮ್ಮ ಮನೆಯಿಂದ ನೆಟ್ಟಗೆ ನಡ್ಕಂಡು ಹೋಗಬಾರದು. ಹಾಂಗೆ ಕುಡಿಸ್ತೆ!"

ಮರುದಿನವೇ ಅವರು ತಮ್ಮ ಅಂಗಡಿಯ ಅತ್ಯುತ್ತಮ ತಗಡು ಆರಿಸಿದರು. ಹೊಸ ತಗಡಿನ ಮೇಲೆ ಸತು ಆರಿ ಗಟ್ಟಿಯಾಗುವಾಗ ಹೂವು ಅರಳಿದಂತೆ ಒಂದು ಚಿತ್ತಾರ ಬೀಳುತ್ತದೆ, ನೋಡಿರಬಹುದು. ಅಂಗೈಯಗಲದ ಹೂವು ಬಿದ್ದ ತಗಡೇ ಬೇಕು ಎಂದು ನಲವತ್ತು ತಗಡು ಇಳಿಸಿ ಹುಡುಕಿದರು. ತಗಡಿನ ಕೆಲಸದವನನ್ನು ಕೂರಿಸಿ, ಇನ್ನೂರು ಲೀಟರಿನ ದುಂಡು ಟಾಕಿ ಮಾಡಿಸಿದರು. ಮೇಲೆ ಮುಚ್ಚಳ, ಕೆಳಗೆ ನಲ್ಲಿ. ಅದು ಕೈಗಾಡಿಯಲ್ಲಿ ಪೇಟೆಯಿಂದ ಹಬ್ಬುವಾಡಕ್ಕೆ ಬರುವಾಗ ದಾರಿಯುದ್ದಕ್ಕೂ ಜನ ಕಣ್ಣಿಗೆ ಕೈ ಅಡ್ಡ ಹಿಡಿದರಂತೆ, ಅಷ್ಟು ಹೊಳಪು!

ಹೀರಾ ಅದನ್ನು ಮೇಲಿಂದ ಕೆಳಗೆ ನೋಡಿದರು.

"ಎಂಥದು ಇದು?"

"ಪಾನಕದ ಟಾಕಿ!"

"ನಾ ಮಾಡಿನ ಮೇಲೆ ಇಡುದು ಅಂದ್ಕಂಡೆ. ಕೋಕಮ್ಮು ಹುಳಿ, ಮಾರಾಯ್ರೆ. ಹುಳಿಯನ್ನ ತಗಡಲ್ಲಿ ಇಡುಕೆ ಆಗುದಿಲ್ಲ. ಹಿತ್ತಾಳೆ ಹಂಡೆ ಉಂಟಲ್ಲ, ಕದ್ವಾಡದ ಸುಬ್ಬನ್ನ ಕರೆಸಿ ಕಲಾಯಿ ಹಾಕ್ಸಿ ಅಂತ ವಾರದಿಂದ ಹೇಳ್ತಾ ಇದ್ದೆ. ಇಲ್ಲಾಂದ್ರೆ ಭರಣಿಗಳು ಉಂಟು."

"ತಗಡಲ್ಲಿ ಯಾಕೆ ಆಗುದಿಲ್ಲ?"

"ಯಾಕೆ ಅಂತ ಗೊತ್ತಿಲ್ಲ. ನಮ್ಮ ಆಯಿ ಇಡ್ತಿರ್ಲಿಲ್ಲ."

ಅಷ್ಟು ಸಾಕಾಯಿತು! ಕಾರಣ ಗೊತ್ತಿಲ್ಲದೆ ಸರಿ ಹೇಳುವವರ ಮುಂದೆ, ಕಾರಣ ಗೊತ್ತಿದ್ದು ತಪ್ಪು ಹೇಳುವವನಿಗೆ ಯಾವಾಗಲೂ ಗೆಲುವು. ಜಟ್ಟಪ್ಪನವರು ಟಾಕಿಯ ಬೆನ್ನು ತಟ್ಟಿ ಭಾಷಣ ಶುರುಮಾಡಿದರು.

"ಹಿತ್ತಾಳೆಗೆ ಕಲಾಯಿ ಯಾಕೆ ಹಾಕ್ಸುದು? ಕಿಲುಬು ಬರ್ತದೆ, ಅದಕ್ಕೆ. ಇದಕ್ಕೆ ಕಿಲುಬು ಬರ್ತದ್ಯಾ? ಇಲ್ಲ. ತುಕ್ಕು ಹಿಡೀತದ್ಯಾ? ಇಲ್ಲ. ಇದು ಕಾರ್ಖಾನೆ ಕಲಾಯಿ, ಮಾರಾಯ್ತಿ! ಹುಟ್ಟುವಾಗಲೇ ಹಾಕ್ಸಿಕೊಂಡು ಬಂದದ್ದು. ನಿನ್ನ ಸುಬ್ಬ ಪಾತ್ರೆಯ ಒಳಗಷ್ಟೇ ಹಚ್ತಾನೆ. ಇದಕ್ಕೆ ಒಳಗೂ ಉಂಟು, ಹೊರಗೂ ಉಂಟು, ಮುಚ್ಚಳಕ್ಕೂ ಉಂಟು!"

ಕಲಾಯಿ ಹಾಕುವುದು ತವರದಿಂದ. ತಗಡಿಗೆ ಹಚ್ಚುವುದು ಸತು. ಎರಡೂ ಬೆಳ್ಳಗಿವೆ ಎಂದು ಒಂದರ ಮಣೆಯ ಮೇಲೆ ಇನ್ನೊಂದನ್ನು ಕೂರಿಸಲಾಗುವುದಿಲ್ಲ. ಇಷ್ಟು ವರ್ಷ ಸತು ಮಾರಿದ ಜಟ್ಟಪ್ಪನವರಿಗೆ ಇದು ಹೇಗೆ ತಿಳಿದಿರಲಿಲ್ಲ ಎಂದರೆ, ಅಷ್ಟು ವರ್ಷಗಳಲ್ಲಿ ಯಾವ ಗಿರಾಕಿಯೂ ಅವರ ತಗಡನ್ನು ಕುಡಿದು ನೋಡಿರಲಿಲ್ಲ!

ಶನಿವಾರ ಮಧ್ಯಾಹ್ನ ಕೋಕಂ ರಸ ಹಿಂಡಿ, ಸಕ್ಕರೆ, ಜೀರಿಗೆ, ಚೂರು ಉಪ್ಪು ಹಾಕಿ, ಕೊಡಗಟ್ಟಲೆ ನೀರು ಸುರಿದು ಟಾಕಿಯನ್ನು ಕುತ್ತಿಗೆಯವರೆಗೆ ತುಂಬಿಸಿದ್ದಾಯಿತು. ಹೀರಾ ಒಂದು ಕೆಲಸ ಮಾತ್ರ ಗಂಡನನ್ನು ಕೇಳದೆ ಮಾಡಿದರು. ಊಟಕ್ಕೆ ತೆಂಗಿನಹಾಲು ಬೆರೆಸಿ ಮಾಡುವ ಸೋಲಕಡಿಗೆಂದು ನೆನೆಹಾಕಿದ್ದ ಕೋಕಂ ಸಿಪ್ಪೆಯನ್ನು ಎರಡು ದೊಡ್ಡ ಭರಣಿಗಳಲ್ಲೇ ಉಳಿಸಿಕೊಂಡರು. "ಇದಕ್ಕೆ ಕೈ ಹಚ್ಚಿದ್ರೆ ನೋಡಿ!" ಎಂದು ಬಟ್ಟೆ ಕಟ್ಟಿದರು.

ಭಾನುವಾರ ಬೆಳಿಗ್ಗೆ ಜಟ್ಟಪ್ಪನವರು ಸ್ನಾನ ಮುಗಿಸಿ, ಹೊಸ ಪಂಚೆ ಉಟ್ಟು, ಚೆಂಡುಹೂವಿನ ಮಾಲೆ ತಂದು ಟಾಕಿಗೆ ಹಾಕಿದರು. ಆ ಮನೆಯಲ್ಲಿ ಆ ದಿನ ವರನಿಗಿಂತ ಮೊದಲು ಹಾರ ಬಿದ್ದದ್ದು ಅದಕ್ಕೆ! ಮುಚ್ಚಳ ತೆಗೆದರೆ ಒಳಗೆ ಸಣ್ಣಗೆ ಸುಂಯ್ ಎನ್ನುವ ಸದ್ದು. ಅಂಚಿನಗುಂಟ ಸಾಸಿವೆಯಷ್ಟು ಸಣ್ಣ ಗುಳ್ಳೆಗಳು ಏಳುತ್ತಿದ್ದವು. ನಿನ್ನೆ ರಕ್ತಗೆಂಪಾಗಿದ್ದ ಪಾನಕ ಇಂದು ನೇರಳೆಹಣ್ಣಿನ ಬಣ್ಣಕ್ಕೆ ತಿರುಗಿತ್ತು.

"ಹೀರಾ! ಓಡಿ ಬಾ! ತನ್ನಷ್ಟಕ್ಕೇ ಸೋಡಾ ಆಗಿದೆ!"

ಹೀರಾ ಬಂದು ಬೆರಳ ತುದಿ ಅದ್ದಿ ನಾಲಿಗೆಗೆ ಹಚ್ಚಿದರು. ಮುಖ ಹಿಂಡಿದರು.

"ಬೀಗದ ಕೈ ನೆಕ್ಕಿದ ಹಾಂಗೆ ಆಗ್ತದೆ. ಇದು ಕೆಟ್ಟಿದೆ. ಚೆಲ್ಲಿ."

"ಇನ್ನೂರು ಲೀಟರು ಚೆಲ್ಲುದಾ? ನಿಂಗೆ ಸೋಡಾದ ರುಚಿ ಗೊತ್ತಿಲ್ಲ!"

"ನೀವು ಕುಡೀರಿ ನೋಡ್ವಾ ಹಾಂಗಾದ್ರೆ."

ಗಂಡಸಿಗೆ ಸವಾಲು! ಜಟ್ಟಪ್ಪನವರು ನಲ್ಲಿ ತಿರುಗಿಸಿ ಒಂದು ದೊಡ್ಡ ಲೋಟ ಉಸಿರು ಬಿಡದೆ ಕುಡಿದರು. ಹೆಂಡತಿ ಇನ್ನೂ ನೋಡುತ್ತಲೇ ಇದ್ದುದರಿಂದ ಇನ್ನೊಂದನ್ನೂ ಕುಡಿದರು. "ಅಮೃತ!" ಎಂದರು. ಹಾಗೆನ್ನುವಾಗ ಅವರ ಎಡಗಣ್ಣು ತಾನಾಗಿಯೇ ಮುಚ್ಚಿಕೊಂಡಿತಂತೆ.

"ದೀಕ್ಷಾಗೆ ಸೀರೆ ಉಡಿಸಿ ಬರ್ತೆ. ನಾ ಬರೋವರೆಗೆ ಒಂದು ಹನಿಯೂ ಹೊರಗೆ ಹೋಗಬಾರದು. ಭರಣಿಯದು ಉಂಟು, ಅದಕ್ಕೇ ಸಕ್ಕರೆ ಹಾಕಿ ಕೊಡುವಾ," ಎಂದು ಹೇಳಿ ಹೀರಾ ಒಳಗೆ ಹೋದರು.

ಅಷ್ಟರಲ್ಲಿ ಹೊರಗೆ ಬಸ್ಸಿನ ಹಾರನ್ನು! ನಾವು ಎಂಬತ್ತಾರು ಜನ ಇಳಿದೆವು, ಬೆವರಿನಲ್ಲಿ ಅದ್ದಿ ತೆಗೆದಂತೆ. ನಾನು ಚಪ್ಪರದಲ್ಲಿ ಕೂರುವ ಮೊದಲೇ ಬಾಯಿಬಿಟ್ಟೆ. "ಏನ್ ಬೀಗರೇ, ಪಾನಕ ಉಂಟೋ? ಇಲ್ಲ ನಾವು ತಂದದ್ದು ಇಳಿಸುದೋ?"

ಹೀಗೆ ಕೇಳಿಸಿಕೊಂಡ ಮೇಲೆ ಯಾವ ಜಟ್ಟಪ್ಪ ತಾನೇ ಹೆಂಡತಿ ಸೀರೆ ಉಡಿಸಿ ಮುಗಿಸುವವರೆಗೆ ಕಾಯುತ್ತಾನೆ? ನಲ್ಲಿ ತಿರುಗಿತು. ಹರಿವಾಣಗಳ ಮೇಲೆ ಲೋಟಗಳು ಹೊರಟವು. ಐದೇ ನಿಮಿಷದಲ್ಲಿ ಎಂಬತ್ತಾರು ಕೈಗಳಲ್ಲಿ ಎಂಬತ್ತಾರು ಲೋಟ. ಎಲ್ಲರೂ ಬಾಯಾರಿ ಬಂದವರು, ಆದರೆ ಯಾರೂ ತುಟಿಗಿಡುವಂತಿಲ್ಲ. ಎಲ್ಲರ ಕಣ್ಣೂ ನಡುವೆ ಕುರ್ಚಿಯಲ್ಲಿ ಕುಳಿತ ಗಂಗೂಬಾಯಿಯ ಮೇಲೆ. ಗಂಗೂಬಾಯಿ ಎಂದರೆ ನನ್ನ ತಾಯಿ. ಎಂಬತ್ತೆರಡು ವರ್ಷ, ನಲವತ್ತು ಕಿಲೋ.

ನಮ್ಮ ತಾಯಿಗೆ ಜೀವಮಾನದಲ್ಲಿ ಅವಸರ ಎಂಬುದು ಗೊತ್ತಿರಲಿಲ್ಲ. ಮೊದಲು ಬಾಯಲ್ಲಿದ್ದ ಎಲೆಯಡಿಕೆಯ ಕವಳ ಉಗುಳಬೇಕು ಎಂದಳು. ಪೀಕದಾನಿ ಬಂತು. ಬಾಯಿ ಮುಕ್ಕಳಿಸಬೇಕು ಎಂದಳು. ನೀರು ಬಂತು. ಲೋಟವನ್ನು ಕಣ್ಣ ಹತ್ತಿರ ಹಿಡಿದಳು.

"ಬಣ್ಣ ಯಾಕೆ ಹೀಂಗೆ? ನನ್ನ ಕನ್ನಡಕ ಕೊಡು."

ಕನ್ನಡಕ ಬಂತು.

"ಸಕ್ಕರೆಯೋ, ಬೆಲ್ಲವೋ?"

"ಸಕ್ಕರೆ, ಅಜ್ಜಿ," ಎಂದರು ಜಟ್ಟಪ್ಪ. ಅವರ ಧ್ವನಿ ಅವರಿಗೇ ದೂರದಿಂದ ಕೇಳಿಸಿತು.

ಏಕೆಂದರೆ ಅಷ್ಟೊತ್ತಿಗೆ ಒಳಗೆ ಸಮುದ್ರ ಎದ್ದಿತ್ತು! ಮೊದಲು ಹೊಕ್ಕುಳ ಬಳಿ ಒಂದು ಹಿಂಡು. ಆಮೇಲೆ ಹಣೆಯಲ್ಲಿ ತಣ್ಣನೆ ಬೆವರು. ಬಾಯಿತುಂಬ ನೀರೂರಿ, ಆ ನೀರಿನಲ್ಲಿ ಬೀಗದ ಕೈಯ ರುಚಿ. ಬೈತಖೋಲದ ಟ್ರಾಲರು ಜೂನ್ ತಿಂಗಳ ಅಲೆಗೆ ಏರಿ ಇಳಿದಂತೆ ಹೊಟ್ಟೆ ಒಮ್ಮೆ ಏರಿತು, ಒಮ್ಮೆ ಇಳಿಯಿತು. ಜಟ್ಟಪ್ಪನವರು ಚಪ್ಪರದ ಕಂಬ ಹಿಡಿದರು. ಬೆಳಿಗ್ಗೆ ಅವಸರದಲ್ಲಿ ಏನೂ ತಿಂದಿರಲಿಲ್ಲ. ಖಾಲಿ ಹೊಟ್ಟೆಗೆ ಹೋದದ್ದು ಎರಡು ಲೋಟ ಪಾನಕ, ಮತ್ತೇನೂ ಇಲ್ಲ. ಯಾರ ಮೇಲೆ ಹೊರಿಸೋಣ ಎಂದು ಹುಡುಕಿದರೂ ಬೇರೆ ಅಪರಾಧಿ ಸಿಗಲಿಲ್ಲ!

ನಲವತ್ತು ಕಿಲೋದ ಅಜ್ಜಿ ಲೋಟ ಎತ್ತುತ್ತಿದ್ದಳು.

ಬಾಯಿ ಬಿಟ್ಟರೆ ಏನಾಗುತ್ತದೆಂದು ಅವರಿಗೆ ಚೆನ್ನಾಗಿ ಗೊತ್ತಿತ್ತು. ಬೀಗರು ಏಳುತ್ತಾರೆ. ನಾಳೆ ಬೆಳಗಾಗುವುದರೊಳಗೆ ಕಾರವಾರದಿಂದ ಅಂಕೋಲೆಯವರೆಗೆ ಸುದ್ದಿ ಹೋಗುತ್ತದೆ: ಜಟ್ಟಪ್ಪನ ತಗಡು ವಿಷ! ಬಾಗಿಲ ಪರದೆಯ ಸಂದಿಯಲ್ಲಿ ಹೊಸ ಸೀರೆಯ ದೀಕ್ಷಾ ನಗುತ್ತ ನಿಂತಿದ್ದಳು. ಆ ನಗುವಿನ ಗತಿ ಏನು? ಸುಮ್ಮನಿದ್ದರೆ? ಒಂದು ಗುಟುಕಿಗೆ ಏನೂ ಆಗಲಿಕ್ಕಿಲ್ಲ. ಆದರೆ ಆ ಒಂದು ಗುಟುಕಿನ ಹಿಂದೆ ಎಂಬತ್ತೈದು ಲೋಟ ಕಾದು ನಿಂತಿವೆ. ಕೆಲವರ ಮಡಿಲಲ್ಲಿ ಮಕ್ಕಳಿವೆ.

ಲೋಟ ಅಜ್ಜಿಯ ತುಟಿಗೆ ತಾಗಿತು. ಎಂಬತ್ತೈದು ಕಿಲೋ ಜಟ್ಟಪ್ಪ ಚಪ್ಪರದ ಈ ತುದಿಯಿಂದ ಹಾರಿ ಬಂದು ಒಂದೇ ಏಟಿಗೆ ಅದನ್ನು ಬಡಿದು ಹಾರಿಸಿದರು!

ಠಣ್!

ಲೋಟ ಪುರೋಹಿತರ ಮುಂದೆ ಬಿತ್ತು. ಪಾನಕ ಪೂರಾ ನನ್ನ ಬಿಳಿ ಅಂಗಿಯ ಮೇಲೆ.

"ಕುಡಿಬೇಡಿ! ಯಾರೂ ಕುಡಿಬೇಡಿ! ನನ್ನ ಟಾಕಿ ಸರಿ ಇಲ್ಲ! ನಾ ಮಾಡಿದ್ದು ತಪ್ಪು! ಎಲ್ಲಾ ಕೆಳಗೆ ಇಡಿ!" ಎಂದು ಕೂಗಿದವರೇ, ಪಂಚೆ ಎತ್ತಿ ಕಟ್ಟಿ ಹಿತ್ತಲಿಗೆ ಓಡಿದರು. ಮುಂದಿನ ಎರಡು ನಿಮಿಷ ಹಿತ್ತಲಿನ ತೆಂಗಿನಮರದ ಬುಡದಿಂದ ಬಂದ ಸದ್ದನ್ನು ನಾನು ಇಲ್ಲಿ ಬರೆಯುವುದಿಲ್ಲ. ಮಂಗಳವಾದ್ಯದವರು ತಮ್ಮ ಸರದಿ ಬಂತೆಂದು ತಿಳಿದು ಊದಲು ಶುರುಮಾಡಿದರು!

ಚಪ್ಪರದಲ್ಲಿ ಗಲಾಟೆ. "ಮುದುಕಿಯ ಕೈಗೆ ಹೊಡೆದ್ರು!" ಎಂದ ಒಬ್ಬ. "ನಿಶ್ಚಯದ ದಿನವೇ ಹೀಂಗಾದ್ರೆ ಮದುವೆ ದಿನ ಎಂಥ ಮಾಡ್ತಾರೆ?" ಎಂದ ಇನ್ನೊಬ್ಬ. ನನ್ನ ಹೆಂಡತಿ ಕಾಶಿ ಆಗಲೇ ಎದ್ದು ನಿಂತಿದ್ದಳು. "ಏಳಿ. ಚಪ್ಪಲಿ ಹಾಕ್ಕಳಿ. ಈ ಸಂಬಂಧ ಬೇಡ." ಮುಚ್ಚಿಟ್ಟರೆ ಏನು ಬಂತು, ನನ್ನ ಒಂದು ಕಾಲು ಚಪ್ಪಲಿಯೊಳಗೆ ಹೋಗಿತ್ತು.

ಆಗ ಹೀರಾ ಹೊರಗೆ ಬಂದರು. ಟಾಕಿ ನೋಡಿದರು, ಹರಿವಾಣ ನೋಡಿದರು, ನನ್ನ ಅಂಗಿ ನೋಡಿದರು. ಯಾರೂ ಹೇಳಬೇಕಾಗಲಿಲ್ಲ. ಮೊದಲು ಕೇಳಿದ್ದು ಒಂದೇ ಮಾತು. "ಯಾರಾದ್ರೂ ಕುಡಿದ್ರಾ?"

"ಇಲ್ಲ," ಎಂದೆವು.

"ದೇವ್ರೇ!" ಎಂದು ಅಲ್ಲೇ ಮೆಟ್ಟಿಲ ಮೇಲೆ ಕುಳಿತುಬಿಟ್ಟರು. ಆಮೇಲೆ ತಲೆ ಎತ್ತಿ, "ಬೀಗರೇ, ಬೆಳಿಗ್ಗೆ ಇವರು ಎರಡು ಲೋಟ ಕುಡಿದಿದ್ದಾರೆ. ತಮ್ಮ ಹೊಟ್ಟೆಯಲ್ಲಿ ಗೊತ್ತಾದ ಮೇಲೆ ನಿಮ್ಮನ್ನ ತಡೆದ್ರು. ಹೋಗುದಾದ್ರೆ ಹೋಗಿ, ಬೇಡ ಅನ್ನುದಿಲ್ಲ. ಆದ್ರೆ ಬಿಸಿಲಲ್ಲಿ ಬಂದಿದ್ದೀರಿ. ಭರಣಿಯ ಪಾನಕ ಉಂಟು, ಅದನ್ನ ಕುಡಿದು ಹೋಗಿ," ಎಂದರು.

ನನ್ನ ಭಾವಮೈದುನ ಗುರುಪ್ರಸಾದ ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುವವನು. ಮದುವೆಮನೆಗಳಲ್ಲಿ ಅವನ ವಿದ್ಯೆಗೆ ಎಂದೂ ಗಿರಾಕಿ ಇರಲಿಲ್ಲ. ಆ ದಿನ ಸಿಕ್ಕಿತು! ಟಾಕಿಯ ಪಾನಕವನ್ನು ಮೋರಿಗೆ ಬಿಡಿಸಿ ಒಳಗೆ ಇಣುಕಿದ. ಪಾನಕ ನಿಂತಿದ್ದ ಗೆರೆಯ ಮೇಲ್ಗಡೆ ತಗಡಿನ ಹೂವುಗಳು ಹಾಗೇ ಹೊಳೆಯುತ್ತಿದ್ದವು. ಗೆರೆಯ ಕೆಳಗೆ ಎಲ್ಲ ಬೂದಿ ಬಣ್ಣ.

"ಹುಳಿ ಸತುವನ್ನ ತಿಂತದೆ, ಭಾವಾ. ತಿಂದ ಸತು ಪಾನಕದಲ್ಲಿ ಕರಗಿದೆ. ಆ ಗುಳ್ಳೆ ಸೋಡಾದ್ದಲ್ಲ, ಜಲಜನಕದ್ದು. ನೀರು ತುಂಬಿದ್ರೆ ಈ ಟಾಕಿಗೆ ಎಂಥದೂ ಆಗ್ತಿರ್ಲಿಲ್ಲ. ಕೋಕಮ್ಮು ಹಾಕಿದ್ದೇ ತಪ್ಪು. ಎರಡು ಲೋಟಕ್ಕೆ ಗಟ್ಟಿ ಆಳಿಗೆ ವಾಂತಿ, ಹೊಟ್ಟೆನೋವು, ಬೇಗ ಇಳೀತದೆ. ಸಣ್ಣ ಮಕ್ಕಳು, ವಯಸ್ಸಾದವರು ಕುಡಿದಿದ್ರೆ..." ಎಂದು ಅಲ್ಲಿಗೇ ನಿಲ್ಲಿಸಿ ನನ್ನ ತಾಯಿಯತ್ತ ನೋಡಿದ.

ತಾಯಿ ಕೆಳಗೆ ಬಿದ್ದ ಕನ್ನಡಕ ಹುಡುಕುತ್ತಿದ್ದಳು. "ನನ್ನ ಕೈಗೆ ಹೊಡೆದವ ಎಲ್ಲಿ? ಅವನಿಗೆ ವಾಂತಿ ನಿಂತ್ತಾ ನೋಡ್ರೋ ಮೊದಲು! ಕಾಶಿ, ನೀ ಕುಂತ್ಕಾ. ಎಲ್ಲಿಗೆ ಹೊರಟದ್ದು? ನಂಗೆ ಬಾಯಾರಿಕೆ. ಆ ಭರಣಿಯದ್ದು ತಕ್ಕಂಬಾ."

ಕಾಶಿ ಕುಳಿತಳು. ನಾನು ಚಪ್ಪಲಿಯಿಂದ ಕಾಲು ತೆಗೆದೆ. ತಾಯಿ ಭರಣಿಯ ಪಾನಕದ ಮೊದಲ ಗುಟುಕು ಕುಡಿದು, "ಸಕ್ಕರೆ ಕಮ್ಮಿ," ಎಂದಳು. ಉಳಿದ ಎಂಬತ್ತೈದು ಜನರಿಗೆ ಅರ್ಧರ್ಧ ಲೋಟ ಬಂತು.

ಹತ್ತಿರದ ಡಾಕ್ಟರು ಬಂದು ನೋಡಿ, ಗಾಬರಿ ಇಲ್ಲ ಎಂದು ಉಪ್ಪು-ಸಕ್ಕರೆಯ ನೀರು ಕುಡಿಸಿ ಹೋದರು. ನಾನು ಒಳಕೋಣೆಗೆ ಹೋದೆ. ಜಟ್ಟಪ್ಪನವರು ಮಂಚದ ಮೇಲೆ ಅಕ್ಕಿ ತೊಳೆದ ನೀರಿನ ಬಣ್ಣದಲ್ಲಿ ಮಲಗಿದ್ದರು. ಬಾಗಿಲ ಬಳಿ ದೀಕ್ಷಾ ನಿಂತಿದ್ದಳು, ಕಣ್ಣು ಕೆಂಪಾಗಿತ್ತು.

"ಬೀಗರೇ," ಎಂದರು ಜಟ್ಟಪ್ಪ, ಗೋಡೆ ನೋಡುತ್ತ. "ನಿಮ್ಮ ತಾಯಿಯವರ ಕೈಗೆ ಹೊಡೆದೆ. ತುಂಬಿದ ಚಪ್ಪರದಲ್ಲಿ. ಸಂಬಂಧ ಬೇಡ ಅಂದ್ರೆ ನಾ ಎಂಥ ಹೇಳಲಿ? ಆದ್ರೆ ಟಾಕಿ ಮಾಡಿಸಿದ್ದು ನಾನು. ನಮ್ಮ ಹುಡುಗಿ ಅಲ್ಲ."

"ಉಂಗುರ ಎಲ್ಲಿ ಇಟ್ಟಿದ್ದೀರಿ?" ಎಂದೆ.

"ಎಂಥದು?"

"ಉಂಗುರ. ಮುಹೂರ್ತಕ್ಕೆ ಇನ್ನು ಹತ್ತು ನಿಮಿಷ ಉಂಟು. ನೀವು ಏಳದಿದ್ರೆ ಈ ನೇರಳೆ ಅಂಗಿಯಲ್ಲೇ ಎರಡೂ ಕಡೆಯ ತಂದೆಯ ಕೆಲಸ ನಾನೇ ಮಾಡಬೇಕಾಗ್ತದೆ!"

ಅವರು ಎದ್ದರು. ಒಂದು ಕಡೆ ಸಂದೇಶ, ಒಂದು ಕಡೆ ಗುರುಪ್ರಸಾದ ಹಿಡಿದುಕೊಂಡು ಬಂದು ಕೂರಿಸಿದರು. ಮುಹೂರ್ತಕ್ಕೆ ಸರಿಯಾಗಿ ಉಂಗುರ ಬದಲಾಯಿತು. ಊಟಕ್ಕೆ ಸೋಲಕಡಿ ಇರಲಿಲ್ಲ, ಯಾರೂ ಕೇಳಲೂ ಇಲ್ಲ. ಹೊರಡುವ ಹೊತ್ತಿಗೆ ನಾನು ಹೀರಾ ಅವರಿಗೆ ಹೇಳಿದೆ: "ಅಷ್ಟು ಜನರ ಮುಂದೆ 'ನಾ ಮಾಡಿದ್ದು ತಪ್ಪು' ಅಂದ್ರಲ್ಲ, ದೊಡ್ಡ ಮಾತು."

ಹೀರಾ ಗಂಡನ ಕಡೆ ಒಮ್ಮೆ ನೋಡಿದರು. "ಮದುವೆಯಾಗಿ ಇಪ್ಪತ್ತೇಳು ವರ್ಷ, ಆ ಮಾತು ಇವರ ಬಾಯಿಂದ ಇದೇ ಮೊದಲು ಬಂದದ್ದು. ಒಳಗಿದ್ದದ್ದೆಲ್ಲ ಹೊರಗೆ ಬರುವಾಗ ಅದರ ಜೊತೆ ಬಂತು!"

ಜಟ್ಟಪ್ಪನವರು ಕಂಬ ಹಿಡಿದು ಎದ್ದು ನಿಂತರು. ಕೈ ಮುಗಿದರು, ನನಗೋ ಹೆಂಡತಿಗೋ ತಿಳಿಯಲಿಲ್ಲ.

ನಮ್ಮ ಬಸ್ಸು ಸಂಜೆ ಅಂಕೋಲೆ ಮುಟ್ಟಿತು. ತಾಯಿ ಕಿಟಕಿಯ ಬದಿಗೆ ಕುಳಿತು ದಾರಿಯುದ್ದಕ್ಕೂ ನಿದ್ದೆ ಮಾಡಿದಳು, ತಾನೇ ಇಳಿದಳು, ತಾನೇ ಮನೆಯ ಮೆಟ್ಟಿಲು ಹತ್ತಿದಳು. ಆಮೇಲೂ ಐದು ವರ್ಷ ಬದುಕಿದ್ದಳು. ಸಂದೇಶ ಮತ್ತು ದೀಕ್ಷಾರ ಮಗಳನ್ನು ಕಾಲ ಮೇಲೆ ಮಲಗಿಸಿಕೊಂಡು ಎಣ್ಣೆ ಹಚ್ಚಿ ಮೀಯಿಸಿದಳು. ಆ ಐದು ವರ್ಷ ನನಗೆ ಜಟ್ಟಪ್ಪನವರು ಕೊಟ್ಟದ್ದು.